ಆಟೋದಲ್ಲಿ ಸಿಕ್ಕ ಕ್ಯಾಮರಾ

ಸುಗ್ಗಿ ಮುಗಿದು, ಭತ್ತದ ಚೀಲಗಳು ಗಿರಣಿಗೆ ಸಾಗಿ, ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿರುವ ದಿನಗಳಲ್ಲಿ ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿಗಳಿಗೆ ರಾತ್ರಿಯ ಕೊನೆಯ ಬಸ್ಸಿನಲ್ಲಿ ಹೋಗಿ ಇಳಿದವರಿಗೆ ಗುಡಿಯ ಕಡೆಯಿಂದ ಹಾರ್ಮೋನಿಯಮ್ಮಿನ ದನಿ ಕೇಳಿಬರುವುದುಂಟು. ಜಾತ್ರೆಗೆ ನಾಟಕವಾಗಬೇಕು, ತಾಲೀಮು ನಡೆದಿದೆ. ದುರ್ಯೋಧನನು ಹಗಲೆಲ್ಲ ಟ್ರ್ಯಾಕ್ಟರು ಹೊಡೆದು ಬಂದವನು. ಭೀಮನಿಗೆ ಬಸ್ ನಿಲ್ದಾಣದ ಬಳಿ ಚಹಾದ ಅಂಗಡಿ. ಶಕುನಿ ಹೈಸ್ಕೂಲಿನ ಮೆಟ್ಟಿಲನ್ನು ಎರಡು ಸಲ ಏರಿ ಮೂರು ಸಲ ಇಳಿದವನಾದರೂ ಮಾತಿನಲ್ಲಿ ಅವನನ್ನು ಮೀರಿಸುವವರು ಊರಿನಲ್ಲಿಲ್ಲ. ಬಣ್ಣವಿಲ್ಲ, ಕಿರೀಟವಿಲ್ಲ, ಲುಂಗಿ ಎತ್ತಿಕಟ್ಟಿಕೊಂಡ ಕೌರವೇಶ್ವರನು ಗದೆಯ ಬದಲು ಮಡಿಸಿದ ಕೊಡೆಯೊಂದನ್ನು ಹೆಗಲಿಗೇರಿಸಿ ಗರ್ಜಿಸುತ್ತಿರುವಾಗ ಹಠಾತ್ತನೆ ವಿದ್ಯುತ್ತು ಹೋಗುತ್ತದೆ. ಕತ್ತಲಲ್ಲಿಯೂ ಗರ್ಜನೆ ನಿಲ್ಲುವುದಿಲ್ಲ. ನಿಲ್ಲಿಸಿದರೆ ಮುಂದಿನ ಮಾತು ಮರೆತುಹೋಗುವುದೆಂಬ ಭಯ ಅವನಿಗೆ.

ನೋಡುತ್ತ ಕುಳಿತವರು ನಗುತ್ತಾರೆ. ಆದರೆ ಯಾರೂ ಎದ್ದುಹೋಗುವುದಿಲ್ಲ. ನಗುವವರಿಗೂ ನಗಿಸಿಕೊಳ್ಳುವವನಿಗೂ ನಡುವೆ ಇಂಥ ಕಡೆಗಳಲ್ಲಿ ಒಂದು ಒಪ್ಪಂದವಿದೆ: ಇಂದು ನಕ್ಕವನು ನಾಳೆ ತಾನೇ ವಿದುರನಾಗಿ ಮಾತು ತಪ್ಪಬೇಕಾದವನು.

ಈ ಜನರ ಕೈಗೆ ಹಾರ್ಮೋನಿಯಮ್ಮಿನ ಬದಲು ಲಕ್ಷಗಟ್ಟಲೆ ಬೆಲೆಯ ಸಿನಿಮಾ ಕ್ಯಾಮರಾ ಒಂದು ಬಂದುಬಿದ್ದರೆ ಏನಾದೀತು? ಈ ಪ್ರಶ್ನೆಯನ್ನೇ ಕಥೆಯಾಗಿ ಮಾಡಿಕೊಂಡ ಪುಟ್ಟ ಹಾಸ್ಯಚಿತ್ರವೊಂದು 2021ರಲ್ಲಿ ಬಂದಿತು. ಅದರ ಹೆಸರು ‘ಸಿನಿಮಾ ಬಂಡಿ’. ಭಾಷೆ ತೆಲುಗು, ಆದರೆ ಕಥೆ ನಡೆಯುವುದು ಆಂಧ್ರ-ಕರ್ನಾಟಕದ ಗಡಿಯ ಗೊಲ್ಲಪಲ್ಲಿ ಎಂಬ ಹಳ್ಳಿಯಲ್ಲಿ. ಮನೆಯಲ್ಲೊಂದು, ಅಂಗಡಿಯಲ್ಲೊಂದು ಭಾಷೆಯಾಡುವ ಬಳ್ಳಾರಿಯ ಸಂಸಾರಗಳಿಗೆ ಅದು ಪರದೇಶದ ಕಥೆಯಲ್ಲ. ಆದರೂ ಈ ಸೀಮೆಯಲ್ಲಿ ಆ ಚಿತ್ರವನ್ನು ನೋಡಿದವರನ್ನು ಬೆರಳೆಣಿಸಬಹುದು.

ಬಾರದ ಹೊತ್ತಿನಲ್ಲಿ ಬಂದ ನಗೆ

ಚಿತ್ರದ ದೋಷದಿಂದಲೇ ಹೀಗಾಯಿತೆನ್ನುವಂತಿಲ್ಲ. ಅದು ತೆರೆಕಂಡದ್ದು 2021ರ ಮೇ 14ರಂದು, ಚಿತ್ರಮಂದಿರದಲ್ಲಲ್ಲ, ನೆಟ್‌ಫ್ಲಿಕ್ಸ್‌ನಲ್ಲಿ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನ ಮುಂಚೆ, ಮೇ 10ರಿಂದ, ಕೋವಿಡ್ಡಿನ ಎರಡನೆಯ ಅಲೆಗಾಗಿ ಲಾಕ್‌ಡೌನ್ ಜಾರಿಗೆ ಬಂದಿತ್ತು. ಬಳ್ಳಾರಿ ಜಿಲ್ಲೆಯ ಜನರು ಆ ತಿಂಗಳು ಮಾತನಾಡುತ್ತಿದ್ದುದು ಸಿನಿಮಾದ ವಿಷಯವನ್ನಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಹೊರಡುವ ಆಮ್ಲಜನಕದ ಟ್ಯಾಂಕರುಗಳ ವಿಷಯವನ್ನು. ಆಸ್ಪತ್ರೆಯಲ್ಲಿ ಹಾಸಿಗೆಗಾಗಿ ಓಡಾಡುತ್ತಿದ್ದ ಮನೆಗಳಲ್ಲಿ ಹಾಸ್ಯಚಿತ್ರಕ್ಕೆ ಎಲ್ಲಿಯ ಎಡೆ? ಅಲೆ ಇಳಿದ ಮೇಲೆ ಚಿತ್ರಮಂದಿರಗಳು ತೆರೆದುವು, ದೊಡ್ಡ ದೊಡ್ಡ ಚಿತ್ರಗಳು ಸಾಲುಗಟ್ಟಿ ಬಂದುವು. ತಾರೆಯರಿಲ್ಲದ, ಹೊಡೆದಾಟವಿಲ್ಲದ, ಒಂದು ಗಂಟೆ ನಲವತ್ತು ನಿಮಿಷವೂ ತುಂಬದ ಈ ಚಿತ್ರವನ್ನು ಹಿಂದಿರುಗಿ ನೋಡುವ ವ್ಯವಧಾನ ಯಾರಿಗೂ ಉಳಿಯಲಿಲ್ಲ.

ನಿರ್ದೇಶಕರು ಪ್ರವೀಣ್ ಕಂದ್ರೇಗುಲ. ಇದು ಅವರ ಮೊದಲನೆಯ ಚಿತ್ರ. ಕಥೆ ವಸಂತ್ ಮರಿಂಗಂಟಿಯವರದು. ಬಂಡವಾಳ ಹೂಡಿದವರು ಹಿಂದಿಯಲ್ಲಿ ಹೆಸರಾಗಿರುವ ರಾಜ್ ನಿಡಿಮೋರು ಮತ್ತು ಕೃಷ್ಣ ಡಿ.ಕೆ. ಎಂಬ ಜೋಡಿ. ಇವರಿಬ್ಬರು ಎಂಜಿನಿಯರುಗಳಾಗಿದ್ದು, ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ ತಾವೇ ತಾವಾಗಿ ಚಿತ್ರ ತೆಗೆಯುವುದನ್ನು ಕಲಿತವರು. ಹವ್ಯಾಸಿಗಳ ಕಥೆಗೆ ಹಣ ಹಾಕಲು ಹವ್ಯಾಸಿಗಳಾಗಿ ಹೊರಟವರೇ ಮುಂದೆ ಬಂದುದು ಆಕಸ್ಮಿಕವಲ್ಲವೆಂದು ತೋರುತ್ತದೆ.

ವೀರನ ಯೋಚನೆ

ವೀರ ಗೊಲ್ಲಪಲ್ಲಿಯ ಆಟೋ ಚಾಲಕ. ಪ್ರಯಾಣಿಕರೊಬ್ಬರು ಅವನ ಗಾಡಿಯಲ್ಲಿ ಒಂದು ಚೀಲವನ್ನು ಮರೆತುಹೋಗಿದ್ದಾರೆ. ತೆಗೆದುನೋಡಿದರೆ ಒಳಗೊಂದು ಕ್ಯಾಮರಾ. ಅದರ ಬೆಲೆ ಎಷ್ಟಿರಬಹುದೆಂದು ಅವನಿಗೆ ತಿಳಿಯದು. ತಿಳಿಸಬಲ್ಲವನು ಊರಿನಲ್ಲಿ ಒಬ್ಬನೇ: ಮದುವೆಗಳಲ್ಲಿ ಫೋಟೋ ತೆಗೆಯುವ ಗಣಪತಿ. ಅವನಾದರೂ ಇಂಥ ಯಂತ್ರವನ್ನು ಕೈಯಲ್ಲಿ ಹಿಡಿದವನಲ್ಲ.

ಮಾರಿ ಹಣ ಮಾಡಿಕೊಳ್ಳಬಹುದಾಗಿತ್ತು. ಪೋಲೀಸು ಠಾಣೆಗೆ ಒಪ್ಪಿಸಿ ಬರಬಹುದಾಗಿತ್ತು. ವೀರನಿಗೆ ಹೊಳೆದದ್ದೇ ಬೇರೆ. ಅಲ್ಪಸ್ವಲ್ಪ ಹಣದಲ್ಲಿ ತೆಗೆದ ಚಿತ್ರಗಳು ಕೋಟಿಗಟ್ಟಲೆ ಗಳಿಸುತ್ತಿರುವುದಾಗಿ ಟೀವಿಯಲ್ಲಿ ಅವನು ಕೇಳಿದ್ದಾನೆ. ಅವನ ಊರಿಗೋ ನೀರಿಲ್ಲ. ವಿದ್ಯುತ್ತು ಬಂದರೆ ಬಂದಿತು, ಹೋದರೆ ಹೋಯಿತು. ತಾನೊಂದು ಚಿತ್ರ ತೆಗೆದು ಅದು ‘ಹಿಟ್’ ಆದರೆ ಊರಿನ ಕಷ್ಟವೆಲ್ಲ ಪರಿಹಾರವಾಗುವುದು! ತರ್ಕದಲ್ಲಿ ಒಂದು ಕಡೆಯೂ ಬಿರುಕಿಲ್ಲ. ಬುಡ ಮಾತ್ರ ಗಾಳಿಯಲ್ಲಿದೆ. ಚಿತ್ರದ ಮೊದಲನೆಯ ನಗೆ ಹುಟ್ಟುವುದು ಇಲ್ಲಿಯೇ. ನಗುತ್ತ ನಗುತ್ತಲೇ ನೋಡುವವನಿಗೆ ಒಂದು ಸಂಗತಿ ಹೊಳೆಯುತ್ತದೆ. ತನಗೆ ಒಂದು ಹೊಸ ಮನೆಯಾಗಲಿ, ಹೊಸ ಗಾಡಿಯಾಗಲಿ ಬೇಕೆಂದು ಈ ಮನುಷ್ಯ ಹೊರಟಿಲ್ಲ.

ನಾಯಕನಾಗಲು ಮರಿದೇಶ್ ಒಪ್ಪುತ್ತಾನೆ. ಒಪ್ಪುವುದೇನು, ಕಾದುಕುಳಿತಿದ್ದವನಂತೆ ಎದ್ದುಬರುತ್ತಾನೆ. ಅವನು ಊರಿನ ಕ್ಷೌರದಂಗಡಿಯವನು. ದಿನವೂ ಇಡೀ ಊರಿನ ಮುಖಗಳನ್ನು ಕನ್ನಡಿಯಲ್ಲಿ ನೋಡುವವನಿಗೆ ತನ್ನ ಮುಖದ ಮೇಲೆ ನಂಬಿಕೆ ಬೆಳೆದಿದ್ದರೆ ತಪ್ಪೇನು? ನಾಯಕಿಯ ವಿಷಯ ಮಾತ್ರ ಸುಲಭವಲ್ಲ. ಮೊದಲು ಒಪ್ಪಿದ ಹುಡುಗಿ ಚಿತ್ರೀಕರಣದ ನಡುವೆಯೇ ತನ್ನ ಪ್ರಿಯನೊಡನೆ ಊರು ಬಿಟ್ಟುಹೋಗುತ್ತಾಳೆ. ತೆರೆಯ ಮೇಲಿನ ಪ್ರೇಮಕ್ಕೆ ನಿಜವಾದ ಪ್ರೇಮ ಅಡ್ಡಬರುವ ಈ ಪ್ರಸಂಗವನ್ನು ನಿರ್ದೇಶಕರು ಎಳೆಯದೆ, ಕಿರಿಚಾಟವಿಲ್ಲದೆ ಮುಗಿಸಿದ್ದಾರೆ. ಆಮೇಲೆ ನಾಯಕಿಯ ಸ್ಥಾನಕ್ಕೆ ಬರುವವಳು ಮಂಗ, ತರಕಾರಿ ಮಾರುವ ಗಟ್ಟಿಗಿತ್ತಿ.

ಹೀಗೆ ಒಂದು ತಂಡ ಸಿದ್ಧವಾಗುತ್ತದೆ. ‘ಆ್ಯಕ್ಷನ್’ ಎಂದರೇನು, ‘ಕಟ್’ ಎಂದರೇನು ಎಂಬುದನ್ನು ತಪ್ಪು ಮಾಡಿಯೇ ಕಲಿಯಬೇಕು. ಇತ್ತ ಕ್ಯಾಮರಾ ಕಳೆದುಕೊಂಡ ಸಿಂಧು ಎಂಬ ಪಟ್ಟಣದ ಯುವತಿ ಅದನ್ನು ಹುಡುಕುತ್ತಿದ್ದಾಳೆ. ಹಳ್ಳಿಯವರ ಉತ್ಸಾಹ ಏರುತ್ತಿದ್ದಂತೆ ಅವಳ ಹುಡುಕಾಟವೂ ಹತ್ತಿರ ಹತ್ತಿರವಾಗುತ್ತದೆ. ಮುಂದೇನಾಯಿತೆಂಬುದನ್ನು ಇಲ್ಲಿ ಹೇಳಿಬಿಟ್ಟರೆ ನೋಡುವವರಿಗೆ ಅನ್ಯಾಯವಾದೀತು.

ಸಿಂಧುವಿನ ಪಾತ್ರದಲ್ಲಿರುವವರು ಸಿಂಧು ಶ್ರೀನಿವಾಸಮೂರ್ತಿ. 1960ರ ದಶಕದ ಬೆಂಗಳೂರಿನ ತುಂಬಿದ ಸಂಸಾರವೊಂದನ್ನು ಕುರಿತ ಕನ್ನಡದ ‘ಆಚಾರ್ ಅಂಡ್ ಕೋ’ ಚಿತ್ರವನ್ನು 2023ರಲ್ಲಿ ನಿರ್ದೇಶಿಸಿದವರು ಇವರೇ. ತೆರೆಯ ಮೇಲೆ ಕ್ಯಾಮರಾ ಕಳೆದುಕೊಂಡು ಅಲೆದವರು ಎರಡು ವರ್ಷಗಳ ತರುವಾಯ ಅದರ ಹಿಂದೆಯೇ ನಿಂತರು.

ಯಾರನ್ನು ನೋಡಿ ನಗುವುದು?

ಹಳ್ಳಿಯವನನ್ನು ನೋಡಿ ನಗುವುದು ಭಾರತೀಯ ಚಿತ್ರಗಳಿಗೆ ಹೊಸದಲ್ಲ. ಪಟ್ಟಣಕ್ಕೆ ಬಂದು ಕಕ್ಕಾಬಿಕ್ಕಿಯಾಗುವವನು, ಇಂಗ್ಲಿಷನ್ನು ತಪ್ಪಾಗಿ ನುಡಿಯುವವನು, ಲಿಫ್ಟನ್ನು ಕಂಡು ಬೆದರುವವನು, ಇವರೆಲ್ಲ ಎಷ್ಟೋ ಕಾಲದಿಂದ ಚಿತ್ರಮಂದಿರಗಳಲ್ಲಿ ನಗೆಯ ಬೆಳೆ ಬೆಳೆದುಕೊಟ್ಟಿದ್ದಾರೆ. ಅಲ್ಲಿ ನಗುವವನಿಗೆ ಗೊತ್ತು, ನಗಿಸಿಕೊಳ್ಳುವವನಿಗೆ ಗೊತ್ತಿಲ್ಲ. ನಗೆಯೆಲ್ಲ ಆ ಅಂತರದಿಂದ ಬಂದದ್ದು.

‘ಸಿನಿಮಾ ಬಂಡಿ’ ಈ ಹಾದಿಯಲ್ಲಿ ಹೋಗಬಹುದಾಗಿತ್ತು, ಹೋಗಲಿಲ್ಲ. ವೀರನ ತಂಡದವರು ಮಾಡುವ ತಪ್ಪುಗಳು ಹಳ್ಳಿಯವರ ತಪ್ಪುಗಳಲ್ಲ. ಮೊದಲ ಸಲ ಒಂದು ಕೆಲಸಕ್ಕೆ ಕೈಹಾಕಿದವರ ತಪ್ಪುಗಳು. ಬೆಂಗಳೂರಿನ ಎಂಜಿನಿಯರು ಮೊದಲ ಸಲ ನೇಗಿಲು ಹಿಡಿದರೂ ಇಷ್ಟೇ ನಗೆ ಹುಟ್ಟೀತು. ಅದಲ್ಲದೆ, ತಪ್ಪು ಎಲ್ಲಾಯಿತೆಂಬುದನ್ನು ಮೊದಲು ಕಾಣುವವರೂ ಅವರೇ. ಒಂದು ದೃಶ್ಯ ಕೆಟ್ಟಿತೆಂದು ಗೊತ್ತಾದಾಗ ಗಣಪತಿಯ ಮುಖದಲ್ಲಿ ಮೂಡುವ ಪೆಚ್ಚುತನವನ್ನು ನೋಡಬೇಕು. ಒಂದು ಕೆಲಸವನ್ನು ಗಂಭೀರವಾಗಿ ಹಿಡಿದವನಿಗಲ್ಲದೆ ಅದು ಬರುವಂಥದಲ್ಲ.

ಈ ಸಮಭಾವಕ್ಕೆ ನಟವರ್ಗವೂ ಕಾರಣ. ವೀರನಾಗಿ ವಿಕಾಸ್ ವಸಿಷ್ಠ, ಗಣಪತಿಯಾಗಿ ಸಂದೀಪ್ ವಾರಣಾಸಿ, ಮರಿದೇಶನಾಗಿ ರಾಗ್ ಮಯೂರ್, ಯಾರ ಮುಖವೂ ಆಗ ಪರಿಚಿತವಾದದ್ದಲ್ಲ. ಇಲ್ಲೊಬ್ಬ ಹೆಸರಾಂತ ನಟನು ಬಂದು ಹಳ್ಳಿಯ ಕ್ಷೌರಿಕನಂತೆ ನಟಿಸಿದ್ದರೆ ಪ್ರೇಕ್ಷಕರು ಅವನ ಜಾಣತನವನ್ನು ಮೆಚ್ಚುತ್ತಿದ್ದರು, ಕ್ಷೌರಿಕನನ್ನು ಮರೆಯುತ್ತಿದ್ದರು. ಕನ್ನಡದ ಚಿತ್ರರಸಿಕರಿಗೆ ಈ ಅನುಭವ ಇದಕ್ಕೆ ಮೊದಲೇ ಆಗಿದೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ರೈತರೇ ಬಂದು ನಿಂತು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಿಂದ ಪ್ರಶಸ್ತಿ ತಂದುದನ್ನು ಅವರು ಮರೆತಿರಲಾರರು. ಆದರೆ ‘ತಿಥಿ’ಯ ರೈತರು ಕ್ಯಾಮರಾದ ಮುಂದಿದ್ದರು. ‘ಸಿನಿಮಾ ಬಂಡಿ’ಯ ಜನ ಹಿಂದೆ ನಿಲ್ಲಬೇಕೆಂದು ಹಟ ಹಿಡಿದವರು.

‘ವಿಲಾಸಿ’ ಎಂಬ ಮಾತು

ಇಂದು ‘ಹವ್ಯಾಸಿ’ ಎಂದು ಕರೆಯಲ್ಪಡುವ ಕಲಾವಿದನನ್ನು ಹಿಂದಿನ ಕನ್ನಡ ಪತ್ರಿಕೆಗಳು ‘ವಿಲಾಸಿ’ ಎನ್ನುತ್ತಿದ್ದುವು. ವಿಲಾಸೀ ನಾಟಕ ಸಂಘ, ವಿಲಾಸೀ ನಟ. ಇಂಗ್ಲಿಷಿನ ‘ಅಮೆಚೂರ್’ ಲ್ಯಾಟಿನ್ನಿನ ಪ್ರೀತಿವಾಚಕದಿಂದ ಬಂದದ್ದು. ಹೊಟ್ಟೆಪಾಡಿಗಾಗಿ ಅಲ್ಲದೆ ಒಲವಿಗಾಗಿ ಮಾಡುವವನು ಎಂದು ಅದರ ಭಾವ. ಕನ್ನಡದವರು ಆರಿಸಿದ ‘ವಿಲಾಸಿ’ಯಲ್ಲಿ ಒಲವಿನ ಜೊತೆಗೆ ಇನ್ನೊಂದು ಅರ್ಥವೂ ಸೇರಿಕೊಂಡಿತು. ವಿಲಾಸಕ್ಕೆ ವಿರಾಮ ಬೇಕು. ವಿರಾಮಕ್ಕೆ ಹಣ ಬೇಕು.

ಬಳ್ಳಾರಿಯಷ್ಟು ಇದಕ್ಕೆ ತಕ್ಕ ಉದಾಹರಣೆ ಮತ್ತೊಂದಿಲ್ಲ. ಈ ನಗರದ ರಂಗಭೂಮಿಯನ್ನು ಕಟ್ಟಿದವರು ವಕೀಲರು. ಧರ್ಮವರಂ ರಾಮಕೃಷ್ಣಮಾಚಾರ್ಯರು ವಕೀಲರು; ಅವರದು ಸರಸ ವಿನೋದಿನೀ ಸಭೆ. ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು. ಅವರದು ಸುಮನೋರಮಾ ಸಭೆ. ಧರ್ಮವರಂ ಅವರ ಸೋದರಳಿಯ ತಾಡಪತ್ರಿ ರಾಘವಾಚಾರ್ಯರು, ಅಂದರೆ ದೇಶವೆಲ್ಲ ಬಲ್ಲ ಬಳ್ಳಾರಿ ರಾಘವರು (1880-1946), ಅದೇ ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸಿದವರು. ಹಗಲು ನ್ಯಾಯಾಧೀಶರ ಮುಂದೆ ವಾದ, ರಾತ್ರಿ ಜನತೆಯ ಮುಂದೆ ಅಭಿನಯ. ತೆಲುಗು, ಕನ್ನಡ, ಇಂಗ್ಲಿಷು, ಹಿಂದಿಗಳಲ್ಲಿ ನಟಿಸಿದರು. 1928ರ ಸುಮಾರಿಗೆ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡುಬಂದರು. ವಕೀಲಿಯಿಂದ ಬಂದದ್ದನ್ನು ರಂಗಕ್ಕೆ ಸುರಿದರೇ ಹೊರತು ರಂಗದಿಂದ ಜೀವನ ಮಾಡಲಿಲ್ಲ.

ಬೋಲುಪಟ ಬಂದಾಗ ರಾಘವರು ಅತ್ತ ಕೂಡ ಒಂದು ಹೆಜ್ಜೆ ಇಟ್ಟರು. 1936ರ ‘ದ್ರೌಪದೀ ಮಾನಸಂರಕ್ಷಣಮು’ ಚಿತ್ರದಲ್ಲಿ ಅವರು ದುರ್ಯೋಧನ. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ಅವರ ‘ರೈತು ಬಿಡ್ಡ’. ಜಮೀನ್ದಾರರ ದಬ್ಬಾಳಿಕೆಯನ್ನು ತೋರಿಸಿದ್ದಕ್ಕಾಗಿ ಜಮೀನ್ದಾರರ ಕೋಪಕ್ಕೆ ಗುರಿಯಾಗಿ, ಕೆಲವೆಡೆ ಪ್ರದರ್ಶನಕ್ಕೆ ತಡೆಯನ್ನೂ ಕಂಡ ಚಿತ್ರ ಅದು. ಅನಂತರ 1940ರಲ್ಲಿ ‘ಚಂಡಿಕ’. ಅಲ್ಲಿಗೆ ಮುಗಿಯಿತು. ಬೇಕೆಂದಾಗ ಹೋಗುವ, ಸಾಕೆಂದಾಗ ಬಿಡುವ ಸ್ವಾತಂತ್ರ್ಯವೇ ವಿಲಾಸಿಯ ದೊಡ್ಡ ಆಸ್ತಿ. ಬಳ್ಳಾರಿಯು ಅವರ ಹೆಸರಿನಲ್ಲಿ ರಾಘವ ಕಲಾಮಂದಿರವನ್ನು ಕಟ್ಟಿ ಋಣ ತೀರಿಸಿದೆ, ತೀರಿಸಬೇಕಾದದ್ದೇ.

ಈಗ ಗೊಲ್ಲಪಲ್ಲಿಯ ವೀರನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಅವನು ಚಿತ್ರ ತೆಗೆಯಲು ಹೋದ ದಿನ ಆಟೋ ಓಡುವುದಿಲ್ಲ. ಆಟೋ ಓಡದ ದಿನ ಮನೆಗೆ ಕಾಸು ಬರುವುದಿಲ್ಲ. ಹೆಂಡತಿ ಗಂಗೋತ್ರಿ ಈ ಹುಚ್ಚಾಟವನ್ನು ಒಪ್ಪುವುದಿಲ್ಲವೆಂದರೆ ಅವಳನ್ನು ಕಲಾದ್ವೇಷಿಯೆನ್ನಲು ಬಾರದು. ಅಡಿಗೆಮನೆಯ ಲೆಕ್ಕ ಅವಳ ಕೈಯಲ್ಲಿದೆ. ಇವನನ್ನು ವಿಲಾಸಿಯೆಂದು ಕರೆದರೆ ಕೋಳಿ ನಗುತ್ತದೆ. ಒಲವು ರಾಘವರಷ್ಟೇ ಇರಬಹುದು, ಹಿಂದೆ ವಕೀಲಿಯಿಲ್ಲ. ಚಿತ್ರದ ನಗೆಯ ಅಡಿಯಲ್ಲಿ ನಿಜವಾದ ಪಣವಾಗಿರುವುದು ಇದೇ: ಕಲೆಯ ಹುಚ್ಚು ಎಲ್ಲರಿಗೂ ಹತ್ತಬಹುದು, ಆದರೆ ಅದರ ಬೆಲೆ ಎಲ್ಲರಿಗೂ ಒಂದೇ ಅಲ್ಲ.

ಪಟ್ಟಿಯ ಲೆಕ್ಕ

ಬೆಲೆಯ ಮಾತನ್ನು ಬಳ್ಳಾರಿ ಸೀಮೆಯ ಹಳ್ಳಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಾತ್ರೆಯ ನಾಟಕಕ್ಕೆ ಮೊದಲು ಎತ್ತುವುದು ಪರದೆಯನ್ನಲ್ಲ, ಪಟ್ಟಿಯನ್ನು. ಮನೆಗಿಷ್ಟು, ಅಂಗಡಿಗಿಷ್ಟು. ಅದು ಸಾಲದೆ ಬರುವುದೇ ಹೆಚ್ಚು. ಆಗ ಪಾತ್ರಧಾರಿಗಳು ತಾವೇ ಕೈಯಿಂದ ಹಾಕುತ್ತಾರೆ. ದೊಡ್ಡ ಪಾತ್ರ ಬೇಕೆನ್ನುವವನು ದೊಡ್ಡ ಮೊತ್ತ ಕೊಡಬೇಕೆಂಬ ಕಟ್ಟಳೆ ಹಲವು ಊರುಗಳಲ್ಲಿದೆ. ಕುರುಕ್ಷೇತ್ರದ ಯುದ್ಧ ಹೀಗೆ ಒಂದು ವಿಧದ ಹರಾಜಿನಿಂದ ಆರಂಭವಾಗುತ್ತದೆ! ಸೀನರಿಗೆ ಬಾಡಿಗೆ, ದೀಪಕ್ಕೂ ಮೈಕಿಗೂ ಬಾಡಿಗೆ, ಹಾರ್ಮೋನಿಯಮ್ ಮಾಸ್ತರರಿಗೆ ತಿಂಗಳುಗಟ್ಟಲೆಯ ಊಟ ಮತ್ತು ಸಂಭಾವನೆ. ತುಂಗಭದ್ರೆಯ ಕಾಲುವೆಯ ನೀರು ಹರಿದ ವರ್ಷ ನಾಟಕ ಭರ್ಜರಿ. ನೀರು ಕೊನೆಯ ಗದ್ದೆಗೆ ಮುಟ್ಟದ ವರ್ಷ ದ್ರೋಣನನ್ನೂ ಕೃಪನನ್ನೂ ಒಬ್ಬನೇ ಮಾಡಿ ಮುಗಿಸುವುದುಂಟು.

ಪಟ್ಟಿಯಲ್ಲಿ ದೊಡ್ಡ ಬಾಬತ್ತು ಸ್ತ್ರೀಪಾತ್ರದ್ದು. ಊರಿನ ಗಂಡಸರೆಲ್ಲ ಬಣ್ಣ ಹಚ್ಚಲು ತುದಿಗಾಲಲ್ಲಿ ನಿಂತಿದ್ದರೂ ಊರಿನ ಹೆಣ್ಣುಮಗಳೊಬ್ಬಳು ರಂಗವೇರುವುದು ಅಪೂರ್ವ. ಆದುದರಿಂದ ದ್ರೌಪದಿಯನ್ನು ಹೊರಗಿನಿಂದ ಕರೆಸುತ್ತಾರೆ. ವೃತ್ತಿನಟಿಯರು ತಾಲೀಮಿಲ್ಲದೆಯೇ ಒಂದೇ ರಾತ್ರಿಯ ಮಟ್ಟಿಗೆ ಬಂದು, ಹಿಂದೆಂದೂ ಕಾಣದ ಭೀಮಾರ್ಜುನರ ನಡುವೆ ನಿಂತು, ಅವರು ಮರೆತ ಮಾತುಗಳನ್ನೂ ಪಿಸುದನಿಯಲ್ಲಿ ನೆನಪು ಮಾಡಿಕೊಟ್ಟು, ಬೆಳಗಿನ ಬಸ್ಸಿಗೆ ಹೊರಟುಹೋಗುತ್ತಾರೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯೆಂದರೆ ಈ ನಾಡಿನ ಜನಕ್ಕೆ ಇಂದಿಗೂ ನೆನಪಾಗುವವರು 2020ರಲ್ಲಿ ತೀರಿಕೊಂಡ ಬಳ್ಳಾರಿಯ ಸುಭದ್ರಮ್ಮ ಮನ್ಸೂರರು. ಹವ್ಯಾಸಿಗಳ ರಂಗ ನಿಂತಿದ್ದುದು ಇಂಥ ವೃತ್ತಿನಟಿಯರ ಬೆನ್ನಿನ ಮೇಲೆ. ವಕೀಲರ ಕಥೆಯನ್ನು ಹೇಳುವವರು ಇವರ ಕಥೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ರೂಢಿಯಾಗಿಬಿಟ್ಟಿದೆ.

‘ಸಿನಿಮಾ ಬಂಡಿ’ಯ ಮಂಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಆ ಪಾತ್ರಕ್ಕೆ ಎಷ್ಟು ಬೆಲೆಯೆಂಬುದು ತಿಳಿದೀತು. ಅವಳು ಹೊರಗಿನಿಂದ ಬಂದವಳಲ್ಲ. ಊರಿನವಳೇ, ಊರಿನವರೊಡನೆ ಚೌಕಾಸಿ ಮಾಡಿ ಬದುಕುವವಳು. ನಾಯಕಿಯೆಂದರೆ ನಾಚಿ ತಲೆತಗ್ಗಿಸಬೇಕು, ನಾಯಕ ಹೇಳಿದಾಗ ನಗಬೇಕು ಎಂಬುದನ್ನು ಅವಳು ಒಪ್ಪುವವಳಲ್ಲ. ಉಮಾ ವೈ.ಜಿ. ಅವರು ಈ ಪಾತ್ರವನ್ನು ತರಕಾರಿಯ ತಕ್ಕಡಿ ಹಿಡಿದಷ್ಟೇ ಸಲೀಸಾಗಿ ಹಿಡಿದಿದ್ದಾರೆ. ಮರಿದೇಶನ ನಾಯಕತ್ವ ಅವಳ ಎದುರಿನಲ್ಲಿ ಕರಗಿ ನೀರಾಗುವ ಸನ್ನಿವೇಶಗಳು ಚಿತ್ರದ ಅತ್ಯಂತ ಸೊಗಸಾದ ಭಾಗಗಳು.

ಮಾಲೇಗಾಂವ್ ಮತ್ತು ಪೋಲೆಂಡು

ಇಂಥ ಹುಚ್ಚು ಕಟ್ಟುಕಥೆಯಲ್ಲಿ ಮಾತ್ರ ಉಂಟೆಂದು ಭಾವಿಸುವವರು ಮಹಾರಾಷ್ಟ್ರದ ಮಾಲೇಗಾಂವನ್ನು ನೋಡಬೇಕು. ಬಳ್ಳಾರಿಗೆ ಜೀನ್ಸ್ ಹೊಲಿಗೆಯ ಯಂತ್ರಗಳು ಹೇಗೋ ಅಲ್ಲಿಗೆ ವಿದ್ಯುತ್ ಮಗ್ಗಗಳು ಹಾಗೆ; ಊರಿಗೆ ಊರೇ ಅದರ ಸದ್ದಿನಲ್ಲಿ ಬದುಕುತ್ತದೆ. ಅಲ್ಲಿನ ಶೇಖ್ ನಾಸಿರ್ ಎಂಬವರು ವೀಡಿಯೋ ಪಾರ್ಲರೊಂದನ್ನು ನಡೆಸುತ್ತಿದ್ದು, 2000ದ ಹೊತ್ತಿಗೆ ‘ಶೋಲೆ’ಯ ಅಣಕವಾಗಿ ‘ಮಾಲೇಗಾಂವ್ ಕೆ ಶೋಲೆ’ಯನ್ನು ತಾವೇ ತೆಗೆದು ಊರನ್ನು ನಗಿಸಿದರು. ಮುಂದೆ ಮಗ್ಗದ ಕೆಲಸಗಾರ ಶಫೀಕ್ ಶೇಖ್ ಅವರನ್ನು ಸೂಪರ್‌ಮ್ಯಾನ್ ಮಾಡಿ ಇನ್ನೊಂದು ಚಿತ್ರ ಹೂಡಿದರು. ಅದರ ತಯಾರಿಕೆಯನ್ನು ಫೈಜಾ ಅಹ್ಮದ್ ಖಾನ್ ಅವರು 2008ರ ‘ಸೂಪರ್‌ಮೆನ್ ಆಫ್ ಮಾಲೇಗಾಂವ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ. ಕ್ಯಾಮರಾ ಮುಂದೆ ಸರಿಯಬೇಕಾದರೆ ಸೈಕಲ್ಲು. ಮೇಲಕ್ಕೇರಬೇಕಾದರೆ ಎತ್ತಿನ ಬಂಡಿಯ ಮೂಕಿ. ನಗು ತಡೆಯಲಾಗುವುದಿಲ್ಲ. ಆದರೆ ಸೂಪರ್‌ಮ್ಯಾನ್ ಆಗಿದ್ದ ಶಫೀಕ್ ಕ್ಯಾನ್ಸರಿನಿಂದ 2011ರಲ್ಲಿ ತೀರಿಕೊಂಡರೆಂಬುದು ತಿಳಿದ ಮೇಲೆ ಅದೇ ದೃಶ್ಯಗಳನ್ನು ಮತ್ತೊಮ್ಮೆ ನೋಡುವಾಗ ನಗು ಬೇರೆಯಾಗಿರುತ್ತದೆ. ರೀಮಾ ಕಾಗ್ತಿಯವರು ಈ ಗೆಳ‍ೆಯರ ಬಾಳನ್ನೇ ‘ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್’ ಎಂಬ ಕಥಾಚಿತ್ರವಾಗಿ ಮಾಡಿದರು; ಅದು 2025ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು.

ದೂರದ ಪೋಲೆಂಡಿನ ಕ್ರಿಸ್ತೋಫ್ ಕೀಸ್ಲೋವ್‌ಸ್ಕಿಯವರು 1979ರಲ್ಲಿಯೇ ಇದೇ ವಸ್ತುವನ್ನು ಎತ್ತಿಕೊಂಡಿದ್ದರು. ಚಿತ್ರದ ಹೆಸರೇ ‘ಅಮಾಟೋರ್’, ಎಂದರೆ ಹವ್ಯಾಸಿ. ಕಾರ್ಖಾನೆಯ ನೌಕರನೊಬ್ಬ ಆಗತಾನೆ ಹುಟ್ಟಿದ ಮಗಳನ್ನು ಚಿತ್ರಿಸಲೆಂದು ಎಂಟು ಮಿಲಿಮೀಟರಿನ ಕ್ಯಾಮರಾ ಕೊಳ್ಳುತ್ತಾನೆ. ಕ್ರಮೇಣ ಕ್ಯಾಮರಾ ಕಾರ್ಖಾನೆಯತ್ತ ತಿರುಗುತ್ತದೆ, ಊರಿನತ್ತ ತಿರುಗುತ್ತದೆ. ಮಡದಿ ಮಗಳನ್ನು ಕರೆದುಕೊಂಡು ಹೊರಟುಹೋಗುತ್ತಾಳೆ. ಗಂಗೋತ್ರಿಯ ಮುನಿಸಿಗೆ ಅಲ್ಲಿ ದೊರೆತ ಕೊನೆ ಅದು.

ಈ ಎರಡರ ಪಕ್ಕದಲ್ಲಿಟ್ಟಾಗ ‘ಸಿನಿಮಾ ಬಂಡಿ’ಯ ಕೊರತೆಯೂ ಕಾಣದೆ ಹೋಗದು. ಪಟ್ಟಣದ ಸಿಂಧುವಿನ ಸಂಕಟಕ್ಕೆ ಕಥೆಯಲ್ಲಿ ಸಾಕಷ್ಟು ಜಾಗವಿಲ್ಲ. ಕಳೆದುಕೊಂಡವಳೂ ಒಬ್ಬಳು ಚಿತ್ರದ ಹುಚ್ಚಿನವಳೇ ಅಲ್ಲವೆ? ಅವಳ ಕನಸು ನಿಂತುಹೋದದ್ದರಿಂದಲೇ ಇವರ ಕನಸು ಓಡುತ್ತಿದೆ. ಕ್ಯಾಮರಾ ತಮ್ಮದಲ್ಲವೆಂಬ ಅರಿವು ವೀರನ ಮನಸ್ಸನ್ನು ಇನ್ನಷ್ಟು ಕಾಡಬೇಕಾಗಿತ್ತು. ಕಾಡದಂತೆ ಕಥೆಗಾರರು ಅವನ ಊರಿನ ಕಷ್ಟವನ್ನು ಮುಂದೆ ತಂದು ನಿಲ್ಲಿಸಿದ್ದಾರೆ. ಉತ್ತರಾರ್ಧದಲ್ಲಿ ಎಲ್ಲರೂ ಕೊಂಚ ಹೆಚ್ಚು ಒಳ್ಳೆಯವರಾಗಿಬಿಡುತ್ತಾರೆ. ಹಾಸ್ಯದ ಕಾವು ಅಲ್ಲಿ ಇಳಿಯುತ್ತದೆ.

ಜೇಬುಜೇಬಿನಲ್ಲಿಯೂ ಫೋನಿನ ಕ್ಯಾಮರಾ ಇರುವ ಕಾಲದಲ್ಲಿ ಈ ಕಥೆ ಹಳತಾಯಿತಲ್ಲವೆ ಎಂದು ಕೇಳುವವರಿದ್ದಾರೆ. ಬಳ್ಳಾರಿಯ ಕೋಟೆಯ ಗುಡ್ಡದ ಮೇಲೆ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಮುಂದೆ ಹುಡುಗರು ಫೋನು ಹಿಡಿದು ಅರ್ಧ ನಿಮಿಷದ ತುಣುಕುಗಳನ್ನು ತೆಗೆಯುವುದು ನಿತ್ಯದ ನೋಟ. ಆದರೆ ಅರ್ಧ ನಿಮಿಷಕ್ಕೆ ಒಬ್ಬನೇ ಸಾಕು. ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಹೊರಟವನಿಗೆ ಹತ್ತು ಜನ ಬೇಕು, ಅವರಿಗೆ ಬಿಡುವು ಬೇಕು, ಅವರ ಜಗಳ ಬಿಡಿಸಬೇಕು, ಅವರಿಗೆ ಚಹಾ ತರಿಸಬೇಕು. ವೀರ ಪಟ್ಟ ಪಾಡು ಯಂತ್ರದ್ದಕ್ಕಿಂತ ಹೆಚ್ಚಾಗಿ ಜನರದು. ಸಿರುಗುಪ್ಪದ ಹಳ್ಳಿಯ ನಾಟಕದ ಮಾಸ್ತರರು ಪಡುವುದೂ ಅದನ್ನೇ.

ವೀರನ ತಂಡದಲ್ಲಿ ಒಬ್ಬ ಚಿಕ್ಕ ಹುಡುಗನಿದ್ದಾನೆ. ಒಂದು ದೃಶ್ಯದಲ್ಲಿ ಇದ್ದದ್ದು ಅದರ ಮುಂದುವರಿಕೆಯಲ್ಲಿ ಬದಲಾಗಿದ್ದರೆ ದೊಡ್ಡವರಾರಿಗೂ ಅದು ಕಾಣುವುದಿಲ್ಲ, ಅವನಿಗೆ ಕಾಣುತ್ತದೆ. ದೊಡ್ಡ ಚಿತ್ರಗಳಲ್ಲಿ ಈ ಕೆಲಸಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟಿರುತ್ತಾರೆಂಬುದು ಅವನಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಈ ಹುಡುಗನನ್ನು ಕಂಡಾಗ ಈ ಸೀಮೆಯ ನಾಟಕಗಳನ್ನು ನೋಡಿದವರಿಗೆ ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತ ಮಕ್ಕಳು ನೆನಪಾದಾರು. ಎರಡು ತಿಂಗಳ ತಾಲೀಮನ್ನು ದಿನವೂ ನೋಡಿ ಅವಕ್ಕೆ ಎಲ್ಲರ ಮಾತೂ ಬಾಯಿಪಾಠ. ಜಾತ್ರೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ, ಕಿರೀಟದ ಭಾರಕ್ಕೆ ಬೆವರುತ್ತ ದುರ್ಯೋಧನನು ಮಾತು ಮರೆತು ನಿಂತಾಗ, ಪರದೆಯ ಹಿಂದಿನ ಮಾಸ್ತರರಿಗಿಂತ ಮೊದಲು ಆ ಚಾಪೆಯ ಕಡೆಯಿಂದಲೇ ಸಣ್ಣ ದನಿಯೊಂದು ಮುಂದಿನ ಸಾಲನ್ನು ಎತ್ತಿಕೊಡುತ್ತದೆ. ಕೌರವೇಶ್ವರನು ಅತ್ತ ನೋಡದೆ, ಅದು ತನಗೆ ತಾನೇ ಹೊಳೆದದ್ದೆಂಬಂತೆ ಮೀಸೆ ತಿರುವಿ ಗರ್ಜಿಸುತ್ತಾನೆ.